ದೂರ ಕಾಣದ ಲೆನ್ಸು

ಫೋಟೋ ಸ್ಟುಡಿಯೋದ ಅತ್ತಿಗೆ ಎಂದರೆ ಬೀದಿಗೆಲ್ಲ ಗೊತ್ತು. ಮೈದುನ ಕರೆಯುವುದನ್ನು ಕೇಳಿ ಕೇಳಿ ಎದುರಿನ ಔಷಧಿ ಅಂಗಡಿಯವನೂ ಅತ್ತಿಗೆ ಎಂದ, ಮೇಲಿನ ಮಹಡಿಯ ಟೈಲರೂ ಅತ್ತಿಗೆ ಎಂದ. ಕೊನೆಗೆ ಪಾಸ್‌ಪೋರ್ಟ್ ಫೋಟೋಕ್ಕೆ ಬಂದ, ಅವಳಿಗಿಂತ ದೊಡ್ಡ ವಯಸ್ಸಿನ ಗಂಡಸರೂ ಸ್ಟೂಲಿನ ಮೇಲೆ ಸೆಟೆದು ಕೂತು, "ಅತ್ತಿಗೆ, ನಗಬೇಕಾ ಬೇಡವಾ?" ಎಂದು ಕೇಳುವಷ್ಟಾಯಿತು.

"ನಕ್ಕರೆ ಆಫೀಸಿನವರು ಒಪ್ಪಲ್ಲ. ಅಳೋದಾದ್ರೆ ಅಡ್ಡಿಯಿಲ್ಲ," ಎನ್ನುತ್ತಿದ್ದಳು.

ಆದರೆ ಅವಳು ಸ್ಟೂಲಿನ ಮುಂದೆ ನಿಂತು ಫೋಟೋ ತೆಗೆಯುವವಳಾಗಿ ಹುಟ್ಟಿದವಳಲ್ಲ. ಗಂಡ ಬದುಕಿದ್ದಾಗ ಒಳಗಿನ ಕೆಲಸ ಗಂಡನದು, ಹೊರಗಿನದು ಇವಳದು. ನೋಡುವವರಿಗೆ ತಲೆಕೆಳಗಾಗಿ ಕಂಡರೂ ಅವರಿಬ್ಬರಿಗೆ ಅದೇ ಹೊಂದಿತ್ತು. ಅವನಿಗೆ ಬಿಸಿಲೆಂದರೆ ತಲೆನೋವು. ಇವಳಿಗೆ ನಾಲ್ಕು ಗೋಡೆ ಎಂದರೆ ಉಸಿರು ಕಟ್ಟುತ್ತಿತ್ತು. ಊರಿನ ಫುಟ್‌ಬಾಲ್ ಮೈದಾನದ ತಂತಿಬೇಲಿಯ ಪಕ್ಕ, ಗೋಲಿನ ಹಿಂದೆ ಸೆರಗು ಬಿಗಿದು ಮಂಡಿಯೂರಿ ಕೂತಳೆಂದರೆ ಆಟ ಮುಗಿಯುವ ತನಕ ನೀರು ಕೂಡ ಕುಡಿಯುತ್ತಿರಲಿಲ್ಲ. ಗಂಡ ಕೊಂಡಿದ್ದ ಉದ್ದನೆಯ ಹಳೆಯ ಲೆನ್ಸು ಅವಳ ಕೈಯಲ್ಲಿ. ಈಗಿನ ಲೆನ್ಸುಗಳ ಹಾಗೆ ಅದಕ್ಕೆ ತಾನೇ ನೋಡಿಕೊಳ್ಳುವ ಬುದ್ಧಿ ಇರಲಿಲ್ಲ. ಓಡಿ ಬರುವವನು ಮಸಕಾಗದಂತೆ ಅವನ ಜೊತೆಗೆ ಕೈಯಿಂದಲೇ ತಿರುಗಿಸುತ್ತಾ ಬರಬೇಕು. ಅವಳ ಕೈ ಅವಳನ್ನು ಕೇಳದೆ ತಿರುಗುತ್ತಿತ್ತು. ಪತ್ರಿಕೆಯ ಆಟದ ಪುಟದವರು ಸ್ಟುಡಿಯೋಕ್ಕೆ ಫೋನು ಮಾಡಿದರೆ ಮೊದಲು ಕೇಳುತ್ತಿದ್ದದ್ದು, "ಅವರು ಇದಾರಾ?" ಎಂದೇ.

ಗಂಡ ಹೋದ ಮೇಲೆ ಮೈದುನ ಅಂಗಡಿಗೆ ಬಂದು ಕೂತ. ಕೆಟ್ಟವನಲ್ಲ. ಅತ್ತಿಗೆಯನ್ನು ಬೇರೆ ಮಾಡಲಿಲ್ಲ, ಹೊರೆ ಎನ್ನಲಿಲ್ಲ, ಮನೆಯ ಬೀಗದ ಕೈ ಅವಳ ಸೊಂಟದಲ್ಲೇ ಉಳಿಯಿತು. ಅವನ ಹೆಂಡತಿ, ಅಂದರೆ ಅತ್ತಿಗೆಯ ಓರಗಿತ್ತಿ, ಗಲ್ಲಾದ ಪಕ್ಕ ಕೂತು ಫೋಟೋ ಕತ್ತರಿಸುತ್ತಿದ್ದಳು. ಬಾಯಿ ಸ್ವಲ್ಪ ಹರಿತ, ಕತ್ತರಿಯಷ್ಟೇ. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವಳಲ್ಲ.

ಹಳೆಯ ಕ್ಯಾಮೆರಾ ಕೈಕೊಟ್ಟಾಗ ಮೈದುನ ಎರಡು ಹೊಸ ಕ್ಯಾಮೆರಾ ತಂದ, ಮಿರರ್‌ಲೆಸ್ ಎನ್ನುವಂಥವು. ಅಂಗೈಯಲ್ಲಿ ಕೂರುವಷ್ಟು ತೆಳ್ಳಗೆ. ಅತ್ತಿಗೆ ತಿರುಗಿಸಿ ಮುರುಗಿಸಿ ನೋಡಿದಳು.

"ಇದಕ್ಕೇನು ಹೊಟ್ಟೆಗೆ ಹಾಕದೆ ಬೆಳೆಸಿದ್ದಾರಾ?"

"ಒಳಗೆ ಕನ್ನಡಿ ಇತ್ತಲ್ಲ ಅತ್ತಿಗೆ, ಅದನ್ನ ತೆಗೆದಿದ್ದಾರೆ. ಕನ್ನಡಿ ಹೋದ್ಮೇಲೆ ಅದಕ್ಕೆ ಬೇಕಿದ್ದ ಜಾಗವೂ ಹೋಯ್ತು."

"ನಮ್ಮ ಲೆನ್ಸು ಇದಕ್ಕೆ ಕೂರುತ್ತಾ?"

"ನೇರವಾಗಿ ಕೂರಲ್ಲ. ಆ ಕಂಪನಿ ಬೇರೆ, ಈ ಕಂಪನಿ ಬೇರೆ. ಮಧ್ಯೆ ಒಂದು ರಿಂಗು ಹಾಕಬೇಕು."

ಅಡಾಪ್ಟರ್ ಎಂದು ಅದರ ಹೆಸರು, ಆದರೆ ಅಂಗಡಿಯಲ್ಲಿ ಎಲ್ಲರೂ ರಿಂಗು ಎಂದೇ ಅಂದರು. ನೋಡಲು ದಪ್ಪನೆಯ ಕಬ್ಬಿಣದ ಬಳೆ, ಒಳಗೆ ಗಾಜಿಲ್ಲ, ಬರೀ ಟೊಳ್ಳು. ಒಂದು ಮಗ್ಗುಲು ಕ್ಯಾಮೆರಾಕ್ಕೆ ಕಚ್ಚಿಕೊಳ್ಳುತ್ತದೆ, ಇನ್ನೊಂದು ಮಗ್ಗುಲು ಲೆನ್ಸಿಗೆ. ಅದರ ಕೆಲಸ ಇಷ್ಟೇ: ಹಳೆಯ ಲೆನ್ಸಿಗೆ ಹಿಂದೆ ಇಂತಿಷ್ಟು ದೂರ ಬೇಕು, ಕ್ಯಾಮೆರಾ ತೆಳ್ಳಗಾದ್ದರಿಂದ ಕಳೆದುಹೋದ ಆ ದೂರವನ್ನು ಈ ಬಳೆ ತುಂಬಿಕೊಡಬೇಕು. ಕಾಲು ಗಿಡ್ಡವಾದ ಮೇಜಿಗೆ ಕೆಳಗೊಂದು ಮರದ ತುಂಡು ಇಟ್ಟ ಹಾಗೆ. ತುಂಡು ಸರಿಯಾಗಿದ್ದರೆ ಮೇಜು ನೆಟ್ಟಗೆ ನಿಲ್ಲುತ್ತದೆ.

ಮೊದಲ ದಿನ ಲೆನ್ಸು ಕೂರಿಸಿ ಗುಂಡಿ ಒತ್ತಿದರೆ ಕ್ಯಾಮೆರಾ ಮಿಸುಕಲಿಲ್ಲ. ಲೆನ್ಸೇ ಇಲ್ಲ ಎಂದು ಪರದೆಯ ಮೇಲೆ ಬರೆದು ತೋರಿಸಿತು. ಅತ್ತಿಗೆ ಎಷ್ಟೋ ದಿನದ ಮೇಲೆ ನಕ್ಕಳು. "ಇಷ್ಟುದ್ದ ಮೂಗು ಮುಂದಿದೆ, ಇಲ್ಲ ಅನ್ನುತ್ತಲ್ಲ! ನಿಮ್ಮಣ್ಣನ ಲೆನ್ಸಿಗೆ ಎಂಥ ಮರ್ಯಾದೆ ನೋಡು." ಮೈದುನ ಒಳಗಿನ ಮೆನು ಹುಡುಕಿ, ಲೆನ್ಸು ಕಾಣದಿದ್ದರೂ ಫೋಟೋ ತೆಗಿ ಎಂದು ಅದಕ್ಕೆ ಹೇಳಿಕೊಟ್ಟ.

"ಇನ್ನೊಂದು ವಿಷಯ ಅತ್ತಿಗೆ. ರಿಂಗು ಹಾಕಿದ ಮೇಲೆ ಲೆನ್ಸಿನ ಮೇಲೆ ಬರೆದಿರೋ ದೂರದ ಗುರುತು ನಂಬಬೇಡಿ. ಒಂದು ಕೂದಲೆಳೆ ಆಚೀಚೆ ಇರುತ್ತೆ. ದೂರದ್ದನ್ನೂ ಕಣ್ಣಲ್ಲೇ ನೋಡಿ ನಿಲ್ಲಿಸಬೇಕು."

ಈ ಮಾತು ಸುಳ್ಳಲ್ಲ. ರಿಂಗು ಬಳಸುವವರೆಲ್ಲ ಹೇಳುವ ಮಾತೇ. ಅವಳು ತಲೆಯಾಡಿಸಿದಳು.

ರಿಂಗು ಮಾತ್ರ ಸ್ವಲ್ಪ ಸಡಿಲ. ಲೆನ್ಸು ತಿರುಗಿಸಿದಾಗಲೆಲ್ಲ ಕಟಕಟ ಎನ್ನುತ್ತಿತ್ತು. "ಹಲ್ಲು ಅಲ್ಲಾಡೋ ಮುದುಕಿ ಹಾಗಿದೆ," ಎಂದು ಎರಡು ಸಲ ಗೊಣಗಿದಳು. ಮೂರನೆಯ ಸಲ ಗೊಣಗುವ ಮೊದಲೇ ಮೈದುನ ರಿಂಗಿನ ಸ್ಕ್ರೂಗಳನ್ನು ಬಿಚ್ಚಿ, ಹಳೆಯ ಡಬ್ಬಿಯೊಂದರ ತೆಳು ತಗಡನ್ನು ಓರಗಿತ್ತಿಯ ಕತ್ತರಿಯಲ್ಲಿ ಬಳೆಯ ಆಕಾರಕ್ಕೆ ಕತ್ತರಿಸಿ, ಲೆನ್ಸು ಕಚ್ಚಿಕೊಳ್ಳುವ ಅಂಚಿನ ಕೆಳಗೆ ಸೇರಿಸಿ ಬಿಗಿದುಕೊಟ್ಟ. ಕತ್ತರಿಯ ಬಾಯಿ ಹೋಯಿತೆಂದು ಹೆಂಡತಿ ಬೈದಳು. ಲೆನ್ಸು ಮಾತ್ರ ಬಂಡೆಯ ಹಾಗೆ ಕೂತಿತು. ಅತ್ತಿಗೆಗೆ ಕಣ್ಣು ತುಂಬಿ ಬಂತು. ತನ್ನ ಕೈಗೆ ಹೊಂದಲಿ ಎಂದು ಅವನು ಕೂತು ಮಾಡಿದನಲ್ಲ ಎಂದು ಅವತ್ತು ಅವನಿಗೆ ಎರಡು ಸಲ ಟೀ ಮಾಡಿಕೊಟ್ಟಳು.

ಮುಂದಿನ ಪಂದ್ಯದಲ್ಲಿ ಹತ್ತಿರ ಬಂದ ಆಟಗಾರರು ಚೆನ್ನಾಗಿ ಬಂದರು. ಆಚೆ ಗೋಲಿನಲ್ಲಿದ್ದವರೆಲ್ಲ ಹಬೆಯ ಹಿಂದೆ ನಿಂತ ಹಾಗೆ ಮಸಕು. ಎಷ್ಟು ತಿರುಗಿಸಿದರೂ ಲೆನ್ಸು ಕೊನೆಗೆ ಬಂದು ಟಕ್ ಎಂದು ನಿಲ್ಲುತ್ತಿತ್ತು, ಮನುಷ್ಯರು ಸ್ಪಷ್ಟವಾಗಿ ಗೆರೆ ಕಟ್ಟುತ್ತಿರಲಿಲ್ಲ. ಹೊಸ ಕ್ಯಾಮೆರಾ, ಅಭ್ಯಾಸವಿಲ್ಲ ಎಂದುಕೊಂಡಳು. ಎರಡನೆಯ ಪಂದ್ಯವೂ ಹಾಗೇ. ಮೂರನೆಯದರಲ್ಲಿ ಗೆಲುವಿನ ಗೋಲು ಆಚೆ ಬದಿಯಲ್ಲೇ ಬಿತ್ತು. ಆಟದ ಪುಟದವರು ಫೋನು ಮಾಡಿ, "ಏನಮ್ಮಾ ಇದು, ದೆವ್ವಗಳು ಆಡಿದ ಹಾಗಿದೆಯಲ್ಲ?" ಎಂದರು. ನಗುತ್ತಲೇ ಅಂದರು. ಆದರೂ ಅಂದರು.

ಅವತ್ತು ಸಂಜೆ ಮೈದುನ ಮೆಲ್ಲಗೆ ಹೇಳಿದ. "ಅತ್ತಿಗೆ, ಕಣ್ಣು ಒಂದ್ಸಲ ತೋರಿಸಿಬಿಡೋಣ."

"ಕಣ್ಣಾ? ಆ ತುದಿಯಿಂದ ಬರೋ ಬಸ್ಸಿನ ಬೋರ್ಡು ಓದ್ತೀನಲ್ಲೋ."

"ಬಸ್ಸು ನೋಡೋ ಕಣ್ಣು ಬೇರೆ, ಕ್ಯಾಮೆರಾ ನೋಡೋ ಕಣ್ಣು ಬೇರೆ ಅತ್ತಿಗೆ."

ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅವನೇ ಕರೆದುಕೊಂಡು ಹೋದ. ಕಣ್ಣಿನ ಡಾಕ್ಟರು ಹೆಂಗಸು. ದೀಪ ಬಿಟ್ಟು ನೋಡಿದರು, ಅಕ್ಷರ ಓದಿಸಿದರು. "ಈ ವಯಸ್ಸಿಗೆ ಹೊಟ್ಟೆಕಿಚ್ಚು ಬರೋ ಹಾಗಿದೆ ನಿಮ್ಮ ಕಣ್ಣು. ಓದೋಕೆ ಮಾತ್ರ ಕನ್ನಡಕ ಸಾಕು," ಎಂದರು. ಇಂಥ ಮಾತು ಕೇಳಿ ಯಾರಾದರೂ ಹಗುರಾಗಿ ಎದ್ದುಬರಬೇಕು. ಅತ್ತಿಗೆ ಭಾರವಾಗಿ ಬಂದಳು. ಡಾಕ್ಟರಿಗೆ ಕಾಣದ ರೋಗ ಎಂದರೆ ಅದು ದೊಡ್ಡದೇ ಇರಬೇಕು ಎಂದು ಅವಳ ಲೆಕ್ಕ. ಡಾಕ್ಟರು ಹೊರಗಿನವರು, ಒಂದು ಗಳಿಗೆ ನೋಡಿ ಕಳಿಸಿದವರು. ಮೈದುನ ಮನೆಯವನು, ದಿನಾ ಜೊತೆಗಿರುವವನು. ಯಾರನ್ನು ನಂಬಬೇಕು ಎಂಬ ಪ್ರಶ್ನೆಯೇ ಅವಳಿಗೆ ಬರಲಿಲ್ಲ.

ಆಮೇಲೆ ನಡೆದದ್ದು ಯಾರೂ ತಳ್ಳಿ ನಡೆದದ್ದಲ್ಲ. ಒಂದು ಭಾನುವಾರ ಮೈದುನ, "ನೀವು ಕೂತಿರಿ, ಇವತ್ತೊಂದಿನ ನಾನು ಹೋಗಿ ಬರ್ತೀನಿ," ಎಂದ. ಅವನು ತನ್ನ ಕ್ಯಾಮೆರಾಕ್ಕೆಂದು ಕೊಂಡಿದ್ದ ಹೊಸ ಲೆನ್ಸಿಗೆ ಕಣ್ಣೂ ಬೇಡ, ಕೈಯೂ ಬೇಡ, ಮುಖ ಹುಡುಕಿ ತಾನೇ ಹಿಡಿಯುತ್ತಿತ್ತು. ಆಟ ನಡೆಯುತ್ತಿರುವಾಗಲೇ ಫೋಟೋ ಪತ್ರಿಕೆಗೆ ಹೋಗುತ್ತಿತ್ತು. ಒಂದು ಭಾನುವಾರ ಎರಡಾಯಿತು, ಮಳೆಗಾಲ ಬಂದು ಹೋಯಿತು, ಮೈದಾನದ ಹುಲ್ಲು ಬದಲಾಯಿಸಿದರು, ಅದನ್ನೂ ಅವಳು ಪತ್ರಿಕೆಯಲ್ಲೇ ನೋಡಿದಳು. ಫೋಟೋದ ಕೆಳಗೆ ಸಣ್ಣಕ್ಷರದಲ್ಲಿ ಮೈದುನನ ಹೆಸರು. ಓರಗಿತ್ತಿ ಅದನ್ನು ಕತ್ತರಿಸಿ ಗಲ್ಲಾದ ಗಾಜಿನ ಕೆಳಗೆ ಇಟ್ಟಳು. ಅತ್ತಿಗೆ ಸ್ಟೂಲಿನ ಮುಂದೆ ನಿಂತಳು. ಗಲ್ಲ ಎತ್ತಿ, ಭುಜ ಇಳಿಸಿ, ಕಣ್ಣು ಮಿಟುಕಿಸಬೇಡಿ. ಇಲ್ಲಿ ಎಲ್ಲವೂ ಹತ್ತಿರ. ಹತ್ತಿರದ್ದು ಆ ಲೆನ್ಸಿನಲ್ಲೂ ಕೂದಲು ಕೂದಲಾಗಿ ಬರುತ್ತಿತ್ತು. ಅದೊಂದು ಅವಳ ಸಂಶಯಕ್ಕೆ ಮುದ್ರೆ ಒತ್ತಿತು: ಲೆನ್ಸು ಚೆನ್ನಾಗಿದೆ, ಹಾಳಾದದ್ದು ತನ್ನ ಕಣ್ಣು.

ಕ್ರಮೇಣ ಬೀದಿ ದಾಟುವಾಗಲೂ ಅನುಮಾನ ಬರತೊಡಗಿತು. ದೂರದಲ್ಲಿ ಬರುವ ಗಾಡಿ ಕಂಡರೂ, ಕಂಡದ್ದು ನಿಜವೋ ಅಲ್ಲವೋ ಎಂದು ನಿಂತುಬಿಡುತ್ತಿದ್ದಳು. ಔಷಧಿ ಅಂಗಡಿಯವನು ಆಚೆಯಿಂದ ಕೈ ಬೀಸಿದರೆ, ಗುರುತು ಸಿಕ್ಕರೂ ಅವನೇ ಕೂಗಿ ಹೇಳುವ ತನಕ ಕಾಯುವಳು.

ಕೊನೆಗೆ ಲೆನ್ಸನ್ನು ಮಾರಿಬಿಡೋಣ ಎಂದು ಅವಳೇ ಹೇಳಿದಳು. "ದೂರ ನೋಡೋ ಸಾಮಾನು ದೂರ ನೋಡೋರ ಹತ್ರ ಇರಲಿ." ಬೇಡ ಎಂದು ಮೈದುನ ಎರಡು ಮೂರು ಸಲ ಹೇಳಿದ. ಯಾವತ್ತೂ ಅಷ್ಟು ಒತ್ತಾಯ ಮಾಡುವವನಲ್ಲ. ಅಣ್ಣನ ನೆನಪು, ಅದಕ್ಕೇ ಹೀಗಾಡುತ್ತಾನೆ ಎಂದು ಅವಳಿಗೆ ಅವನ ಮೇಲೆ ಇನ್ನಷ್ಟು ಅಕ್ಕರೆ ಬಂತು.

ಕೊಳ್ಳಲು ಬಂದವನು ನಿವೃತ್ತನಾದ ಬಸ್ ಡ್ರೈವರು. ಜೀವನವೆಲ್ಲ ರಸ್ತೆ ನೋಡಿ ಬೇಸತ್ತು ಈಗ ಹಕ್ಕಿ ನೋಡುವ ಹುಚ್ಚು ಹತ್ತಿಸಿಕೊಂಡಿದ್ದ. ಬಗಲಲ್ಲಿ ತನ್ನದೇ ಕ್ಯಾಮೆರಾ, ಅಂಗಡಿಯ ಹೊಸ ಕ್ಯಾಮೆರಾಗಳ ಕಂಪನಿಯದೇ, ತನ್ನದೇ ರಿಂಗು. ಮೈದುನ ಎಲ್ಲೋ ಆರ್ಡರಿಗೆ ಹೋಗಿದ್ದ.

"ಗಾಜಿನಲ್ಲಿ ಬೂಷ್ಟು ಗೀಷ್ಟು ಇಲ್ಲ ತಾನೇ ತಾಯಿ?"

"ನನ್ನ ಮುಖಕ್ಕೆ ಪೌಡರು ಹಚ್ಚಿಕೊಳ್ಳದಿದ್ರೂ ಅದನ್ನ ಒರೆಸಿಟ್ಟಿದೀನಿ."

ಡ್ರೈವರು ನಕ್ಕು, ಲೆನ್ಸನ್ನು ತನ್ನ ರಿಂಗಿಗೆ ಕೂರಿಸಿ ಬಾಗಿಲಿಗೆ ಬಂದು ಬೀದಿಯ ಕೊನೆಗೆ ಹಿಡಿದ. ಅಲ್ಲಿ ನೀರಿನ ಟ್ಯಾಂಕು, ಅದಕ್ಕೊಂದು ಕಬ್ಬಿಣದ ಏಣಿ. "ಆಹಾ! ಏಣಿ ಮೆಟ್ಟಿಲ ಮೇಲಿನ ತುಕ್ಕು ಕಾಣ್ತಿದೆಯಲ್ಲ. ನೋಡಿ ತಾಯಿ."

"ನನಗೆ ಕಾಣಲ್ಲ ಬಿಡಿ. ನನ್ನ ಕಣ್ಣಿಗೆ ದೂರದ್ದು ಹೋಗಿದೆ."

"ಸುಮ್ನೆ ನೋಡಿ. ಮಾರೋ ಮುಂಚೆ ಒಂದ್ಸಲ."

ಅವನ ಮಾತಿಗೆ ಕಣ್ಣಿಟ್ಟಳು. ಮೊದಲು ಮಸಕು. ಕೈ ತಾನಾಗಿ ಒಂಚೂರು ತಿರುಗಿತು. ಏಣಿ ಬಂತು. ಒಂದೊಂದು ಮೆಟ್ಟಿಲೂ ಬಂತು. ಮೆಟ್ಟಿಲಿಗೆ ಸುತ್ತಿದ್ದ ಹಳೆಯ ತಂತಿ, ತಂತಿಯ ಮೇಲೆ ಕೂತು ರೆಕ್ಕೆ ಕೆದರಿಕೊಳ್ಳುತ್ತಿದ್ದ ಒಂದು ಕಾಗೆ, ಅದರ ಕೊಕ್ಕು, ಎಲ್ಲ ಬಂತು.

ಅತ್ತಿಗೆ ಕ್ಯಾಮೆರಾ ಇಳಿಸಲಿಲ್ಲ. ಬಹಳ ಹೊತ್ತು ಇಳಿಸಲಿಲ್ಲ. ಡ್ರೈವರಿಗೆ ಗಾಬರಿಯಾಗಿ, "ತಾಯಿ, ತಲೆ ಸುತ್ತುತ್ತಾ?" ಎಂದ. ಅವಳು ಒಳಗೆ ಹೋಗಿ ತನ್ನ ರಿಂಗು ತಂದು ಅವನ ಕೈಗೆ ಕೊಟ್ಟಳು. "ಇದನ್ನ ಹಾಕಿ ನೋಡಿ."

ಹಾಕಿದ. ತಿರುಗಿಸಿದ. ಕೊನೆಗೆ ಬಂದು ಟಕ್ ಎಂದಿತು. "ಇದರಲ್ಲಿ ಟ್ಯಾಂಕು ಬರ್ತಾನೇ ಇಲ್ಲವಲ್ಲ!" ಕಣ್ಣು ಕಿರಿದು ಮಾಡಿ ರಿಂಗನ್ನು ಬೆಳಕಿಗೆ ಹಿಡಿದ. "ಇಲ್ಲೇನೋ ತಗಡು ಸೇರಿಸಿದ್ದಾರೆ ತಾಯಿ, ನೋಡಿ, ಅಂಚಲ್ಲಿ ಹೊಳೀತಿದೆ. ಇಷ್ಟು ದಪ್ಪ ಆಯ್ತು ಅಂದ್ರೆ ಲೆನ್ಸು ಇಷ್ಟು ಮುಂದೆ ಹೋಯ್ತು. ಹತ್ತಿರದ್ದು ಬರುತ್ತೆ, ದೂರದ್ದು ಬರಲ್ಲ. ಇದರಲ್ಲಿ ನೋಡಿದ್ರೆ ಹದ್ದಿನ ಕಣ್ಣಿಗೂ ಕಾಣಲ್ಲ."

ಲೆನ್ಸು ಮಾರಾಟವಾಗಲಿಲ್ಲ. ಡ್ರೈವರು ಬೇಜಾರು ಮಾಡಿಕೊಳ್ಳದೆ ತನ್ನ ಚೀಲದ ಸಣ್ಣ ಸ್ಕ್ರೂ ಡ್ರೈವರಿನಲ್ಲಿ ತಗಡು ಬಿಚ್ಚಿ ಅವಳ ಅಂಗೈ ಮೇಲಿಟ್ಟು ಹೋದ. ಉಗುರಿಗಿಂತ ತೆಳ್ಳಗಿನ ತಗಡು.

ಮೈದುನ ಬಂದಾಗ ಅವಳು ಅದನ್ನು ಗಲ್ಲಾದ ಗಾಜಿನ ಮೇಲೆ ಇಟ್ಟುಕೊಂಡು ಕೂತಿದ್ದಳು. ಅವಳೊಳಗೆ ಒಂದೇ ಆಸೆ. ಅವನು ಬೆಚ್ಚಿಬಿದ್ದು, ಅಯ್ಯೋ ನನಗೆ ಗೊತ್ತೇ ಆಗಲಿಲ್ಲವಲ್ಲ ಅತ್ತಿಗೆ, ಎನ್ನಬೇಕು. ಅಷ್ಟು ಅಂದರೆ ಸಾಕು, ಉಳಿದದ್ದನ್ನೆಲ್ಲ ನುಂಗಿಕೊಳ್ಳುತ್ತಿದ್ದಳು.

ಅವನು ತಗಡು ನೋಡಿದ. ಬೆಚ್ಚಲಿಲ್ಲ. ಚೀಲ ಇಳಿಸಿ, ಕುರ್ಚಿ ಎಳೆದುಕೊಂಡು ಕೂತ.

"ಯಾವಾಗ ಗೊತ್ತಾಯ್ತು ನಿನಗೆ?" ಎಂದಳು.

"ಎರಡನೇ ಮ್ಯಾಚಿನ ಮೇಲೆ. ನಿಮ್ಮ ಕ್ಯಾಮೆರಾನ ಕಿಟಕಿಯಿಂದ ಸುಮ್ನೆ ಹಿಡಿದು ನೋಡಿದೆ. ಗೊತ್ತಾಯ್ತು."

"ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋದೆಯಲ್ಲ. ಅದು?"

ಓರಗಿತ್ತಿಯ ಕತ್ತರಿ ನಿಂತಿತು.

"ಅದು ಮೂರನೇದರ ಮೇಲೆ," ಎಂದು ಅತ್ತಿಗೆಯೇ ಹೇಳಿದಳು. "ಸ್ಕೂಟರು ಹತ್ತೋವಾಗ ಹುಷಾರು ಅತ್ತಿಗೆ, ಸೆರಗು ಚಕ್ರಕ್ಕೆ ಸಿಕ್ಕೀತು ಅಂದೆ."

"ನಾನು ಮಾಡಬೇಕು ಅಂತ ಮಾಡಿದ್ದಲ್ಲ. ತಗಡು ಹಾಕಿದ್ದು ನಿಮಗೋಸ್ಕರಾನೇ."

"ಹಾಕಿದ್ದನ್ನ ಯಾರು ಕೇಳಿದ್ರು? ತೆಗೀಲಿಲ್ಲವಲ್ಲ, ಅದನ್ನ ಹೇಳು."

"ಏನು ಹೇಳಲಿ ಅತ್ತಿಗೆ. ಈ ಅಂಗಡಿಗೆ ಬಂದಾಗಿಂದ ನಾನು ಅಣ್ಣನ ತಮ್ಮ, ಅತ್ತಿಗೆಯ ಮೈದುನ. ಫೋನ್ ಎತ್ತಿದ್ರೆ 'ಅವರು ಇದಾರಾ' ಅಂತಾರೆ. ನಾನು ಇದೀನಲ್ಲ, ನನ್ನನ್ನ ಯಾರೂ ಕೇಳಲ್ಲ. ಒಂದೇ ಒಂದು ಭಾನುವಾರ ಹೋಗಿ ಬರೋಣ, ಆಮೇಲೆ ಬಿಚ್ಚಿಕೊಡೋಣ ಅಂದ್ಕೊಂಡೆ. ಹೋಗಿ ಬಂದ್ಮೇಲೆ ಬಾಯಿ ಬರಲಿಲ್ಲ."

"ಗ್ರೌಂಡು ಬೇಕು ಅಂತ ಕೇಳಿದ್ರೆ ಕೊಡ್ತಿದ್ದೆನಲ್ಲೋ."

"ಕೊಡ್ತಿದ್ರಿ. ಗೊತ್ತು. ಅದೇ ನನಗೆ ಬೇಡವಾಗಿತ್ತು."

"ಥೂ!" ಎಂದಳು ಓರಗಿತ್ತಿ. ಗಂಡನಿಗೆ ಅಂದಳೋ, ಕೇಳಿಸಿಕೊಂಡ ತನಗೇ ಅಂದುಕೊಂಡಳೋ. ಎದ್ದು ಒಳಗೆ ಹೋದಳು.

ಮುಂದಿನ ಭಾನುವಾರ ಮೈದುನ ಮನೆಯಲ್ಲೇ ಉಳಿದ. ಅತ್ತಿಗೆ ಹೊರಟಳು. ಪತ್ರಿಕೆಗೆ ಅವಳೇ ಫೋನು ಮಾಡಿ, ತಾನು ಬರುತ್ತೇನೆಂದು ಹೇಳಿದ್ದಳು. ಆಟದ ಪುಟದವರು ಕೂಗಾಡಿ ಸಂತೋಷಪಟ್ಟರು. ತಗಡಿಲ್ಲದ ರಿಂಗು ಮತ್ತೆ ಕಟಕಟ ಎನ್ನುತ್ತಿತ್ತು, ಎನ್ನಲಿ ಎಂದು ಅದೇ ಗೋಲಿನ ಹಿಂದೆ ಮಂಡಿಯೂರಿದಳು. ಆಚೆ ಬದಿಯ ಆಟಗಾರನ ಬೆನ್ನಿನ ನಂಬರು, ನಂಬರಿನ ಹೊಲಿಗೆ, ಎಲ್ಲ ಕಂಡಿತು. ಎದೆ ತುಂಬಿತು.

ಆಟ ಶುರುವಾಯಿತು. ಒಬ್ಬ ಚೆಂಡು ಹಿಡಿದು ಓಡಿಬಂದ. ಕೈ ತಿರುಗಬೇಕಿತ್ತು. ತಿರುಗಿತು, ನಿಂತಿತು, ಸರಿಯೇ ಎಂದು ಕಣ್ಣನ್ನು ಕೇಳಿತು. ಕಣ್ಣು ನೋಡಿತು, ಸರಿಯಿದೆ ಅನ್ನಿಸಿತು, ಅನ್ನಿಸಿದ್ದು ನಿಜವೇ ಎಂದು ಇನ್ನೊಮ್ಮೆ ಕೈಯನ್ನು ಕೇಳಿತು. ಅಷ್ಟರಲ್ಲಿ ಓಡುವವನು ಓಡಿಯಾಗಿತ್ತು. ಮತ್ತೊಬ್ಬ ಬಂದ. ಮತ್ತೆ ಅದೇ. ಬೈದುಕೊಂಡಳು, ತುಟಿ ಕಚ್ಚಿಕೊಂಡಳು, ಕೇಳಬೇಡ, ತಿರುಗು ಎಂದು ಕೈಗೆ ಹೇಳಿದಳು. ಹಾಗೆ ಹೇಳುವ ಹೊತ್ತಿಗೇ ಒಂದು ಗೋಲು ಬಿದ್ದುಹೋಯಿತು. ಹಿಂದೆ ಬೇಲಿಯಾಚೆ ಜನ ಹೋ ಎಂದು ಎದ್ದರು. ಅವಳು ಗುಂಡಿ ಒತ್ತಿದ್ದು ಆ ಕೂಗು ಕೇಳಿದ ಮೇಲೆ.

ಸ್ಟುಡಿಯೋಕ್ಕೆ ಬಂದು ಕಂಪ್ಯೂಟರಿಗೆ ಹಾಕಿದಳು. ಮೈದುನ ಹಿಂದೆ ಬಂದು ನಿಂತ. ಒಂದೊಂದೇ ಫೋಟೋ ಬಂತು. ಗೋಲಿನ ಬಲೆಯ ಗಂಟು ಗಂಟೂ ಬಿಡಿಬಿಡಿ. ಹುಲ್ಲಿನ ಎಳೆ ಎಣಿಸಬಹುದು. ಚೆಂಡು ಎಲ್ಲೂ ಇಲ್ಲ. ಆಟಗಾರರ ಹಿಮ್ಮಡಿ, ಬೆನ್ನು, ಚೌಕಟ್ಟಿನಾಚೆ ಹೋಗುತ್ತಿರುವ ಒಂದು ಮೊಣಕೈ.

"ಚೆನ್ನಾಗಿ ಗೆರೆ ಕಟ್ಟಿದೆ ಅತ್ತಿಗೆ," ಎಂದ ಮೈದುನ. ಅವನ ದನಿಯಲ್ಲಿ ಕೊಂಕಿರಲಿಲ್ಲ. "ಒಂದೊಂದು ಗಳಿಗೆ ತಡ ಆಗಿದೆ, ಅಷ್ಟೇ."

ಅವಳು ತಿರುಗಿ ನೋಡಲಿಲ್ಲ.

"ನನ್ನ ಲೆನ್ಸು ತಗೊಂಡು ಹೋಗಿ ಮುಂದಿನ ಸಲ. ಅದೇ ಹಿಡ್ಕೊಳ್ಳುತ್ತೆ, ನೀವು ಬಟನ್ ಒತ್ತಿದ್ರೆ ಸಾಕು."

"ಬಟನ್ ಒತ್ತೋದಾದ್ರೆ ನಾನ್ಯಾಕೆ, ನಿನ್ನ ಹೆಂಡ್ತೀನ ಕಳಿಸು."

"ಅಕ್ಕಾ, ನನ್ನನ್ಯಾಕೆ ಎಳೀತೀರಿ ನಿಮ್ಮಿಬ್ಬರ ಮಧ್ಯೆ?" ಎಂದಳು ಓರಗಿತ್ತಿ ಗಲ್ಲಾದಿಂದ. ಯಾರೂ ನಗಲಿಲ್ಲ.

ಫೋನು ಬಡಿದುಕೊಂಡಿತು. ಆಟದ ಪುಟದವರು. ಅತ್ತಿಗೆಯೇ ಎತ್ತಿದಳು. ಫೋಟೋ ಇನ್ನೂ ಬಂದಿಲ್ಲವಲ್ಲ, ಪುಟ ಕಾಯುತ್ತಿದೆ ಎಂದರು. ಕಳಿಸುವಂಥದ್ದು ಒಂದೂ ಇಲ್ಲ ಎಂದಳು. ಆ ಕಡೆಯವರು ತುಂಬ ಮೆತ್ತಗೆ, "ಮತ್ತೆ ಕಣ್ಣಿನ ತೊಂದರೆನಾ ಅಮ್ಮಾ?" ಎಂದರು.

ಮೈದುನ ತಲೆ ತಗ್ಗಿಸಿ ನಿಂತಿದ್ದ. ಅವನಿಗೂ ಆ ಕಡೆಯ ಮಾತು ಕೇಳಿಸಿರಬೇಕು.

"ನನ್ನ ಕಣ್ಣು ಚೆನ್ನಾಗಿದೆ," ಎಂದಳು ಅತ್ತಿಗೆ. "ಯಾವತ್ತೂ ಚೆನ್ನಾಗೇ ಇತ್ತು. ಮತ್ತೇನಾಯ್ತು ಅಂತ ನನ್ನ ಮೈದುನ ಹೇಳ್ತಾನೆ, ಕೇಳಿ." ಫೋನನ್ನು ಅವನ ಮುಂದೆ ಹಿಡಿದಳು.

ಅವನು ತೆಗೆದುಕೊಂಡ. ಕಿವಿಗಿಟ್ಟುಕೊಂಡು ಅವಳನ್ನೇ ನೋಡಿದ. ಅವಳೂ ನೋಡಿದಳು. ಆ ಕಡೆಯವರು ಏನೋ ಕೇಳಿದರು. ಓರಗಿತ್ತಿ ಕೂಡ ಕತ್ತೆತ್ತಿ ಕಾದಳು. ಮೈದುನ ಮೆಲ್ಲಗೆ ಗೋಡೆಯ ಕಡೆಗೆ ತಿರುಗಿದ.

"ಹೂಂ ಸಾರ್," ಎಂದ. "ವಯಸ್ಸಾಯ್ತಲ್ಲ ಸಾರ್, ಪಾಪ."